ಎಲೆ ತುದಿಯ ಉಪ್ಪು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಕ್ಕಿಂತ ಮೊದಲು ‘ಹುಡುಗಿಗೆ ಯಾವ ಮನೆಯ ಉಪ್ಪು?’ ಎಂದು ಕೇಳುತ್ತಾರೆ. ಪರವೂರಿನವರು ಈ ಮಾತಿಗೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಊರಿಗೆ ಇರುವುದು ಒಂದೇ ಶಾಲೆ, ಆ ಶಾಲೆಯೊಳಗೆ ನಾಲ್ಕು ಮನೆಗಳು. ಒಂದೊಂದರ ಮುಂದೆ ಒಂದೊಂದು ಮರ, ಆ ಮರದ ಹೆಸರೇ ಮನೆಗೂ: ತಾಳೆ, ಹೊಂಗೆ, ಹುಣಸೆ, ಬೇವು. ಪ್ರತಿ ಮನೆಗೂ ಅದರದೇ ಅಡುಗೆಕೋಣೆ, ಅದರದೇ ಊಟದ ಪಡಸಾಲೆ. ಮಧ್ಯಾಹ್ನದ ಊಟ ಅಲ್ಲೇ. ಒಂದು ಮನೆಯ ಪಾತ್ರೆಗೆ ಬಿದ್ದ ಉಪ್ಪು ಆ ಮನೆಗೆ ಸೇರಿದವರ ನಾಲಿಗೆಗೆ ಮಾತ್ರ ಹತ್ತುತ್ತದೆ. ಉಳಿದವರಿಗೆ ಹುಳಿ ತಿಳಿಯುತ್ತದೆ, ಖಾರ ತಿಳಿಯುತ್ತದೆ, ಉಪ್ಪು ಮಾತ್ರ ಇಲ್ಲ. ಅದೇ ಸಾರು ಬರೀ ಸಪ್ಪೆ. ಹೀಗೇಕೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ನಮ್ಮಪ್ಪ ಹುಣಸೆ ಮನೆಯವರು, ಅಮ್ಮ ಬೇವಿನ ಮನೆಯವರು. ಶ್ರಾವಣದಲ್ಲಿ ಶಾಲೆಯ ವರ್ಷದೂಟಕ್ಕೆ ಊರಿನ ದೊಡ್ಡವರೆಲ್ಲ ತಂತಮ್ಮ ಮನೆಗೆ ಹೋಗಿ ಉಣ್ಣುವುದು ಪದ್ಧತಿ. ಇಬ್ಬರೂ ಗೇಟಿನವರೆಗೆ ಒಟ್ಟಿಗೆ ಹೋಗಿ, ಅಲ್ಲಿ ಬೇರೆಯಾಗಿ, ಉಂಡು ಬಂದು, ಸಂಜೆಯೆಲ್ಲ ಯಾರ ಸಾರು ಚೆನ್ನಾಗಿತ್ತೆಂದು ಜಗಳ ಕಾಯುತ್ತಿದ್ದರು. ಸ್ವಂತ ಮನೆಯ ಒಲೆಯ ಮೇಲೆ ಅಮ್ಮ ಮಾಡಿದ ಅಡುಗೆ ಮಾತ್ರ ಇಬ್ಬರಿಗೂ ಒಂದೇ ರುಚಿ.

ಹತ್ತು ವರ್ಷ ತುಂಬಿದ ಮಕ್ಕಳನ್ನು ಒಂದು ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ನಾಲ್ಕು ಪಾತ್ರೆಗಳಿಂದ ಒಂದೊಂದು ಲೋಟ ತಿಳಿಸಾರು ಕುಡಿಸುತ್ತಾರೆ. ಎಲ್ಲಿ ಉಪ್ಪು ಹತ್ತಿತೋ ಅಲ್ಲಿ ನಿಂತು ‘ಇಲ್ಲಿ ಉಪ್ಪಿದೆ’ ಎಂದರೆ ಮುಗಿಯಿತು, ಮಗು ಆ ಮನೆಯದು. ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ. ಸುಳ್ಳು ಹೇಳಿದರೆ ಹೇಳಿದವರಿಗೇ ಶಿಕ್ಷೆ, ಶಾಲೆ ಮುಗಿಯುವವರೆಗೂ ಸಪ್ಪೆ ಉಣ್ಣುತ್ತ ಕೂರಬೇಕು. ಅಂಥ ಹಠ ಯಾರಿಗಿದೆ ಎಂದು ಹಿರಿಯರು ಆ ಬಾಗಿಲಿಗೆ ಚಿಲಕವನ್ನೇ ಇಟ್ಟಿರಲಿಲ್ಲ. ಬೇರೆ ಊರುಗಳಲ್ಲಿ ಎಲೆ ಹಾಕಿದ ಕೂಡಲೇ ತುದಿಗೆ ಒಂದು ಚಿಟಿಕೆ ಉಪ್ಪು ಬಡಿಸುತ್ತಾರಲ್ಲ, ನಮ್ಮ ಶಾಲೆಯ ಯಾವ ಮನೆಯಲ್ಲೂ ಅದನ್ನು ಬಡಿಸುತ್ತಿರಲಿಲ್ಲ. ತನ್ನ ಕೈಯಾರೆ ಎಲೆಯಲ್ಲಿ ಕಲಸಿಕೊಂಡ ಉಪ್ಪು ಯಾರ ನಾಲಿಗೆಗಾದರೂ ಹತ್ತುತ್ತದೆ, ಅದಕ್ಕೆ ಈ ಮನೆ ಆ ಮನೆ ಎಂಬ ಭೇದವಿಲ್ಲ. ಆದ್ದರಿಂದಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ‘ನಮ್ಮಲ್ಲಿ ಎಲೆಗೆ ಉಪ್ಪು ಬೇಕಾಗಲ್ಲ’ ಎಂದು ಹೇಳಿಕೊಳ್ಳುವುದೇ ಪ್ರತಿ ಮನೆಯ ಗತ್ತು.

ಆ ಗತ್ತು ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ತಾಳೆ ಮನೆಯವರಿಗೆ. ತಾಳೆ ಮನೆಯ ಉಪ್ಪು ಹತ್ತಿದವರು ಮೇಲೆ ಹತ್ತುತ್ತಾರೆಂದು ಊರಿನ ನಂಬಿಕೆ. ಪುರಸಭೆಯ ಅಧ್ಯಕ್ಷರು, ಸೊಸೈಟಿಯ ಕಾರ್ಯದರ್ಶಿ, ದೊಡ್ಡ ಡಾಕ್ಟರು, ಯಾರನ್ನು ನೋಡಿದರೂ ತಾಳೆ ಮನೆಯವರೇ. ಹೊಂಗೆ ಮನೆಯವರು ಒಳ್ಳೆಯವರು, ಇದ್ದಲ್ಲೇ ಇರುವವರು, ಬಿಸಿಲಲ್ಲಿ ಬಂದವರಿಗೆ ನೀರು ಕೊಡುವವರು. ಈ ಮಾತನ್ನು ತಾಳೆ ಮನೆಯವರು ಹೊಗಳಿಕೆಯ ಹಾಗೆ ಹೇಳಿ ನಗುತ್ತಿದ್ದರು. ಊರಿನ ನಂಬಿಕೆಗೆ ಕಪ್ಪುಚುಕ್ಕೆಯಂತೆ ನಾನೊಬ್ಬಳು ಇದ್ದೆ. ಮರ ಹತ್ತುವುದಿರಲಿ, ಅಟ್ಟ ಹತ್ತಿ ಈರುಳ್ಳಿ ತರುವುದಕ್ಕೂ ಸೋಮಾರಿ. ಆದರೆ ಲೋಟ ತುಟಿಗೆ ಇಟ್ಟಾಗ ತಾಳೆ ಮನೆಯ ಉಪ್ಪು ನನ್ನ ನಾಲಿಗೆಗೆ ನೆಂಟರ ಹಾಗೆ ಬಂದು ಕೂತಿತು. ನಾನೇನು ಮಾಡಲಿ? ನಮ್ಮಮ್ಮ ‘ಪಾತ್ರೆ ಅದಲುಬದಲಾಗಿರಬೇಕು’ ಎಂದರು.

ಅದೇ ಬೆಳಿಗ್ಗೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು ಅಂಬುಜಾಕ್ಷಿ. ಪೇಂಟರ್ ರೇವಣ್ಣನವರ ಮಗಳು. ಊರಿನ ಅಂಗಡಿಗಳ ಬೋರ್ಡು, ಲಾರಿಗಳ ಹಿಂದಿನ ಅಕ್ಷರ, ಎಲ್ಲ ರೇವಣ್ಣನವರ ಕೈಯವೇ. ತಾಯಿ ಇಲ್ಲದ ಹುಡುಗಿ, ಅಪ್ಪನ ಜೊತೆ ಬಣ್ಣದ ಡಬ್ಬ ಹಿಡಿದುಕೊಂಡು ಓಡಾಡಿ ಬೆಳೆದವಳು. ತಾಳೆ ಮನೆಯ ಪಡಸಾಲೆಯಲ್ಲಿ ಒಂದು ಕಪ್ಪು ಹಲಗೆ ಇದೆ. ಪ್ರತಿ ವರ್ಷ ಕೊನೆಯ ತರಗತಿಯಿಂದ ಆರಿಸಿದ ಮನೆಯ ಮುಖಂಡರ ಹೆಸರನ್ನು ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆಸುತ್ತಾರೆ. ಮುಖಂಡರಿಗೆ ನಮ್ಮಲ್ಲಿ ‘ಉಪ್ಪಿನ ಕೈ’ ಎನ್ನುತ್ತಾರೆ. ಆ ವರ್ಷವಿಡೀ ಪಾತ್ರೆಗೆ ಉಪ್ಪು ಹಾಕುವ ಹಕ್ಕು ಅವರದೇ, ಮೊದಲ ಪಾತ್ರೆ ವರ್ಷದೂಟದ್ದು. ಅಂದು ಸಾರು ಹದವಾದರೆ ಮಾರನೇ ದಿನ ಹೆಸರು ಹಲಗೆಗೇರುತ್ತದೆ. ಹಲಗೆ ಬರೆಯುತ್ತಿದ್ದವರು ಹೊಂಗೆ ಮನೆಯ ರೇವಣ್ಣ, ಡಬ್ಬ ಹಿಡಿಯುತ್ತಿದ್ದವಳು ಅಂಬುಜಾ. ಅಕ್ಷರ ಕಲಿತದ್ದೇ ಆ ಹಲಗೆಯಿಂದ. ‘ಅಪ್ಪ, ನನ್ನ ಹೆಸರು ಯಾವಾಗ ಬರೀತೀಯ?’ ಎಂದು ಅವಳು ಕೇಳಿದರೆ ರೇವಣ್ಣ ನಕ್ಕು, ‘ಆ ಉಪ್ಪು ನಿನ್ನ ನಾಲಿಗೆಗೆ ಹತ್ಲಿ, ಆಮೇಲೆ ನೋಡಾಣ’ ಎನ್ನುತ್ತಿದ್ದರಂತೆ.

ಸಾಲಿನಲ್ಲಿ ಅವಳು ಹೊಂಗೆ ಮನೆಯ ಲೋಟ ಕುಡಿದಾಗ ಸ್ವಲ್ಪ ಹೊತ್ತು ತುಟಿ ಚಪ್ಪರಿಸುತ್ತ ನಿಂತದ್ದನ್ನು ನಾನು ನೋಡಿದೆ. ‘ಬೇಗ ಹೋಗೇ’ ಎಂದು ಬೆನ್ನಿಗೆ ತಿವಿದೆ. ಅವಳು ಮುಂದೆ ಹೋಗಿ ತಾಳೆ ಮನೆಯ ಲೋಟ ಎತ್ತಿ, ಒಂದೇ ಗುಟುಕಿಗೆ ಖಾಲಿ ಮಾಡಿ, ‘ಇಲ್ಲಿ ಉಪ್ಪಿದೆ’ ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು. ನಾನು ಅದರಲ್ಲಿ ವಿಶೇಷವೇನನ್ನೂ ಕಾಣಲಿಲ್ಲ. ಆಮೇಲೆ ನನ್ನ ಸರದಿ ಬಂತು, ನಾವಿಬ್ಬರೂ ಒಂದೇ ಮನೆಯವರಾದೆವು.

ತಾಳೆ ಮನೆಯಲ್ಲಿ ಅಂಬುಜಾಳಷ್ಟು ದುಡಿದವರನ್ನು ನಾನು ಕಾಣೆ. ಚರ್ಚೆ, ಖೋ ಖೋ, ಲೆಕ್ಕ, ನಾಟಕ, ಯಾವುದರಲ್ಲೂ ಎರಡನೆಯವಳಾಗಿ ಅವಳಿಗೆ ಅಭ್ಯಾಸವಿಲ್ಲ. ನಾನು ತರಗತಿಯಲ್ಲಿ ತೂಕಡಿಸಿದರೆ ಅವಳು ಪೆನ್ಸಿಲಿನಿಂದ ಚುಚ್ಚುತ್ತಿದ್ದಳು. ‘ತಾಳೆ ಮನೆ ಮರ್ಯಾದೆ ತೆಗೀಬೇಡ ದಾಕ್ಷಿ’ ಎನ್ನುತ್ತಿದ್ದಳು. ದಾಕ್ಷಾಯಿಣಿ ಎಂಬ ನನ್ನ ಉದ್ದ ಹೆಸರನ್ನು ಹೀಗೆ ಮೊಟಕು ಮಾಡಿದವಳೂ ಅವಳೇ. ಊಟಕ್ಕೆ ನಾವು ಪಕ್ಕಪಕ್ಕ ಕೂರುತ್ತಿದ್ದೆವು. ಅವಳು ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟು, ಒಮ್ಮೆ ಆಚೀಚೆ ಮುಖ ನೋಡಿ, ಆಮೇಲೆ ‘ಚೆನ್ನಾಗಿದೆ’ ಎನ್ನುತ್ತಿದ್ದಳು. ಅದು ಅವಳ ಒಂದು ಚಾಳಿ ಎಂದುಕೊಂಡಿದ್ದೆ.

ಎರಡನೇ ವರ್ಷವೋ ಮೂರನೇ ವರ್ಷವೋ, ಆಗಿನ ಉಪ್ಪಿನ ಕೈ ಯಾವುದೋ ಪಂದ್ಯದ ಗುಂಗಿನಲ್ಲಿ ಒಂದೇ ಪಾತ್ರೆಗೆ ಎರಡೆರಡು ಸಲ ಉಪ್ಪು ಹಾಕಿಬಿಟ್ಟಿದ್ದ. ಅವತ್ತು ಪಡಸಾಲೆಯಲ್ಲಿ ಎಲ್ಲರಿಗೂ ಕಣ್ಣಲ್ಲಿ ನೀರು. ನಾನು ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದೆ. ಅಂಬುಜಾ ಅವಸರದಲ್ಲಿದ್ದಳು, ಮಧ್ಯಾಹ್ನ ಅವಳ ಚರ್ಚಾಸ್ಪರ್ಧೆ. ಆಚೀಚೆ ನೋಡುವುದನ್ನು ಮರೆತು ಗಬಗಬನೆ ಉಂಡು, ‘ಇನ್ನೊಂದು ಸೌಟು ಹಾಕಿ’ ಎಂದಳು. ಬಡಿಸುವವರು ಅವಳನ್ನೇ ನೋಡಿದರು. ನನಗೆ ಆ ಕ್ಷಣ ಎಲ್ಲ ಹೊಳೆಯಿತು, ಲೋಟದ ಮುಂದೆ ತುಟಿ ಚಪ್ಪರಿಸಿ ನಿಂತದ್ದೂ ಸೇರಿ. ನಾನು ಯಾರಿಗೂ ಕಾಣದಂತೆ ಅವಳ ತೊಡೆ ಜಿಗುಟಿ, ‘ನನ್ನ ಜೊತೆ ಪಂಥ ಕಟ್ಟಿದಾಳೆ, ಈ ಉಪ್ಪುಪ್ಪು ಸಾರನ್ನ ಯಾರು ಜಾಸ್ತಿ ಉಣ್ತಾರೆ ಅಂತ’ ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರೂ ನಕ್ಕರು. ಪಂಥಕ್ಕಾಗಿ ನಾನೂ ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕಾಯಿತು. ಸಂಜೆಯವರೆಗೆ ನೀರು ಕುಡಿದೆ.

ಆ ವಿಷಯ ನಾವಿಬ್ಬರೂ ಮಾತಾಡಲೇ ಇಲ್ಲ. ಆದರೆ ಮಾರನೇ ದಿನದಿಂದ ಮೊದಲ ತುತ್ತಿಗೆ ನಾನು ‘ಇವತ್ತು ಚೂರು ಕಮ್ಮಿ’, ‘ಇವತ್ತು ಸರಿಯಾಗಿದೆ’ ಎಂದು ಗೊಣಗಲು ಶುರು ಮಾಡಿದೆ. ಊಟದ ವಿಷಯಕ್ಕೆ ಗೊಣಗುವವಳೆಂದು ನನಗೆ ಹೆಸರೂ ಬಂತು. ಅಂಬುಜಾಗೆ ಇನ್ನು ಮುಖ ನೋಡುವ ಕೆಲಸ ತಪ್ಪಿತು. ಅವಳಿಗೆ ಬೇಕಿದ್ದರೆ ಲಂಗದ ಜೇಬಿನಲ್ಲಿ ಒಂದು ಚಿಟಿಕೆ ಉಪ್ಪು ತಂದು ಕದ್ದು ಕಲಸಿಕೊಳ್ಳಬಹುದಿತ್ತು. ಅವಳು ಒಂದು ದಿನವೂ ಹಾಗೆ ಮಾಡಲಿಲ್ಲ. ಕದ್ದು ಉಪ್ಪು ತಿಂದರೆ ತಾನು ಪರಕೀಯಳೆಂದು ತಾನೇ ಒಪ್ಪಿಕೊಂಡ ಹಾಗೆ ಎಂದು ಅವಳ ಲೆಕ್ಕ. ಸಪ್ಪೆ ಉಣ್ಣುತ್ತಲೇ ಆ ಮನೆಯವಳಾಗಬೇಕು. ಅಂಗಳದಾಚೆ ಹೊಂಗೆ ಮನೆಯ ಒಗ್ಗರಣೆಯ ವಾಸನೆ ಬಂದಾಗ ಮಾತ್ರ ಅವಳು ಮಾತು ನಿಲ್ಲಿಸಿಬಿಡುತ್ತಿದ್ದಳು. ವರ್ಷದೂಟದ ದಿನ ರೇವಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಂಗೆ ಮನೆಯ ಜಗುಲಿಯ ಮೇಲೆ ಒಬ್ಬರೇ ಕೂತು, ನಮ್ಮ ಪಡಸಾಲೆಯ ಕಿಟಕಿಯತ್ತ ನೋಡಿ ಕೈ ಬೀಸುತ್ತಿದ್ದರು. ಅವಳೂ ಬೀಸುತ್ತಿದ್ದಳು.

ಕೊನೆಯ ವರ್ಷ ಅಂಬುಜಾ ಉಪ್ಪಿನ ಕೈ ಆದಳು. ಎದುರಿಗೆ ನಿಂತಿದ್ದವನು ಮಹಾಬಲ. ಅವನ ಮನೆತನದ ಹೆಸರುಗಳು ಹಲಗೆಯ ಮೇಲೆ ಎರಡು ಮೂರು ಸಲ ಬಂದಿವೆ, ಆದರೂ ಅವಳ ಮುಂದೆ ಅವನ ಆಟ ನಡೆಯಲಿಲ್ಲ. ಇಡೀ ತಾಳೆ ಮನೆ ಅವಳನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಅವಳು ಮಾತ್ರ ಆವತ್ತಿನಿಂದ ಸರಿಯಾಗಿ ನಿದ್ದೆ ಮಾಡಲಿಲ್ಲವೆಂದು ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಮೇಲೇರುತ್ತ ಬಂದವಳು ಕೊನೆಗೆ ತಲುಪಿದ್ದು ತನಗೆ ರುಚಿಯೇ ಗೊತ್ತಿಲ್ಲದ ಒಂದು ಕೊಪ್ಪರಿಗೆಯ ಮುಂದೆ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಊರಿನ ದೊಡ್ಡವರೆಲ್ಲರ ಎದುರು ಬಯಲಾಗುತ್ತಿತ್ತು.

ವರ್ಷದೂಟದ ದಿನ ಬೆಳಿಗ್ಗೆ ಅವಳು ನನ್ನ ಕೈ ಹಿಡಿದು ಅಡುಗೆಕೋಣೆಗೆ ಎಳೆದುಕೊಂಡು ಹೋದಳು. ಅಡುಗೆಯವರನ್ನು ಬಾಳೆಲೆ ಎಣಿಸಲು ಹೊರಗೆ ಕಳಿಸಿದ್ದಳು. ಸಾರು ಕುದಿಯುತ್ತಿತ್ತು.

‘ನಿಂಗೆ ಯಾವಾಗಿಂದ ಗೊತ್ತು?’ ಎಂದಳು.

‘ಆ ಉಪ್ಪುಪ್ಪು ಸಾರಿನ ದಿನದಿಂದ.’

‘ಯಾಕೆ ಕೇಳ್ಲಿಲ್ಲ?’

‘ಕೇಳಿದ್ರೆ ನೀನು ಸುಳ್ಳು ಹೇಳ್ಬೇಕಾಗ್ತಿತ್ತು. ನಿಂಗೆ ಮೊದಲೇ ಮೈತುಂಬ ಕೆಲಸ.’

ಅವಳು ನಗಲಿಲ್ಲ. ತಾಳೆ ಮನೆಯಲ್ಲಿ ಯಾರೂ ಯಾರನ್ನೂ ಸಹಾಯ ಕೇಳುವುದಿಲ್ಲ, ಅದು ಅಲ್ಲಿನ ಇನ್ನೊಂದು ಗತ್ತು. ಅವಳು ಸೌಟಿನಲ್ಲಿ ಸಾರು ಎತ್ತಿ ನನ್ನ ಮುಂದೆ ಹಿಡಿದಳು. ‘ಹೇಳು ದಾಕ್ಷಿ, ಇನ್ನೆಷ್ಟು?’ ಎಂದಳು. ನಾನು ಊದಿ ಊದಿ ರುಚಿ ನೋಡಿದೆ. ಇನ್ನೂ ಹಾಕು ಎಂದೆ. ಹಾಕಿದಳು. ಮತ್ತೆ ರುಚಿ ನೋಡಿದೆ. ಚೂರು ಎಂದೆ. ನನ್ನ ಸೋಮಾರಿ ನಾಲಿಗೆ ಜನ್ಮದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು. ಕೊನೆಗೆ ‘ಸಾಕು, ಇದಕ್ಕಿಂತ ಹದ ಆಗಲ್ಲ’ ಎಂದೆ. ಅವಳು ತಾನೂ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು.

‘ಏನೂ ಇಲ್ಲ ಕಣೇ. ನಾನೇ ಹಾಕಿದ್ದು, ನನಗೇ ಏನೂ ಇಲ್ಲ.’

‘ಇನ್ನೊಂದು ವರ್ಷ ತಾನೆ ಅಂಬುಜಾ.’

‘ಒಂದು ವರ್ಷ ಅಲ್ಲ. ಹಲಗೆ ಮೇಲೆ ಹೆಸರು ಬಂದ್ರೆ ಸಾಯೋ ತನಕ ಪ್ರತಿ ವರ್ಷ ಇಲ್ಲಿಗೇ ಬಂದು ಸಪ್ಪೆ ಉಂಡು ಚೆನ್ನಾಗಿದೆ ಅನ್ಬೇಕು.’

ಅಡುಗೆಯವರು ಎಲೆ ಎಣಿಸಿ ಒಳಗೆ ಬಂದರು, ನಾನು ಹೊರಗೆ ಹೋದೆ.

ಮಧ್ಯಾಹ್ನ ಪಡಸಾಲೆ ತುಂಬಿತು. ಗೋಡೆಗೆ ಒರಗಿದ ಮೊದಲ ಸಾಲಿನಲ್ಲಿ ಪುರಸಭೆಯ ಅಧ್ಯಕ್ಷೆ ಶಿವನಂಜಮ್ಮ ಕೂತಿದ್ದರು. ಹಿಂದೊಂದು ಕಾಲಕ್ಕೆ ಅವರೂ ಉಪ್ಪಿನ ಕೈ, ಹಲಗೆಯ ಮೇಲುಗಡೆ ಅವರ ಹೆಸರು ಮಾಸಲಾಗಿ ಕಾಣುತ್ತದೆ. ಅವರ ಸುತ್ತ ಡಾಕ್ಟರು, ವಕೀಲರು, ಮಹಾಬಲನ ಚಿಕ್ಕಪ್ಪಂದಿರು. ಎದುರಿನ ಸಾಲುಗಳಲ್ಲಿ ನಾವು. ಅನ್ನ ಬಡಿಸಿದರು, ಸಾರು ಬಡಿಸಿದರು. ಯಾರೂ ಎಲೆಗೆ ಕೈ ಹಚ್ಚುವ ಹಾಗಿಲ್ಲ. ಉಪ್ಪಿನ ಕೈ ಮೊದಲ ತುತ್ತು ಉಂಡು ‘ಹದವಾಗಿದೆ’ ಎಂದ ಮೇಲೆಯೇ ಊಟ ಶುರು.

ಅಂಬುಜಾ ಮಧ್ಯದಲ್ಲಿ ಒಂಟಿ ಎಲೆಯ ಮುಂದೆ ಕೂತಿದ್ದಳು. ತುತ್ತು ಕಲಸಿ ಬಾಯಿಗಿಟ್ಟು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಹಳೆಯ ಚಾಳಿಯಂತೆ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಹೇಳಿಬಿಡು, ಒಂದೇ ಮಾತು, ಗೆದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕಿಟಕಿಯಾಚೆ ಹೊಂಗೆ ಮನೆಯ ಜಗುಲಿಯಲ್ಲಿ ರೇವಣ್ಣ ಕೈಯೆತ್ತಿ ನಿಂತಿದ್ದರು.

‘ಸಾರು ಹದವಾಗಿದೆಯಂತೆ’ ಎಂದಳು ಅಂಬುಜಾ.

ಅವಳು ಅಡುಗೆಯವರ ಕಡೆ ತಿರುಗಿ, ‘ಎಲ್ಲರ ಎಲೆ ತುದಿಗೂ ಉಪ್ಪು ಬಡಿಸಿ’ ಎಂದಳು.

ಮಹಾಬಲನ ಚಿಕ್ಕಪ್ಪ ಒಬ್ಬರು, ‘ಏನಮ್ಮಾ ಇದು, ಎಂದೂ ಇಲ್ಲದ್ದು?’ ಎಂದು ಮೊಣಕಾಲೂರಿ ಎದ್ದರು.

‘ಇವತ್ತು ಈ ಪಡಸಾಲೆಯಲ್ಲಿ ಉಪ್ಪಿನ ಕೈ ಹೇಳಿದ್ದೇ ನಡೀಬೇಕು ಅಂತ ನೀವೇ ಮಾಡಿದ ಪದ್ಧತಿ, ದೊಡ್ಡಪ್ಪ. ಕೂತ್ಕೊಳಿ, ಅನ್ನ ಆರ್ತದೆ.’

ಆ ಗತ್ತನ್ನು ಅವಳು ನಮ್ಮ ಮನೆಯಲ್ಲೇ ಕಲಿತದ್ದು. ಅಡುಗೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಬಟ್ಟಲಲ್ಲಿ ಉಪ್ಪು ತಂದು ಎಲೆಗಳ ತುದಿಗೆ ಬಡಿಸುತ್ತ ಹೋದರು. ಅಂಬುಜಾ ಕಾಯಲಿಲ್ಲ. ತನ್ನ ಎಲೆಯ ಉಪ್ಪನ್ನು ಬೆರಳಲ್ಲಿ ತೆಗೆದು, ಎಲ್ಲರಿಗೂ ಕಾಣುವಂತೆ ಅನ್ನಕ್ಕೆ ಕಲಸಿ ತುತ್ತು ಬಾಯಿಗಿಟ್ಟಳು. ಆ ಪಡಸಾಲೆಯಲ್ಲಿ ಕೂತು ಅವಳು ರುಚಿಯಾಗಿ ಉಂಡ ಮೊದಲ ತುತ್ತು ಅದು. ಅವಳ ಕಣ್ಣಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ, ಉಣ್ಣುತ್ತಲೇ ಇದ್ದಳು.

ಬೇರೆ ಯಾರ ಕೈಯೂ ಅಲುಗಲಿಲ್ಲ. ಉಪ್ಪಿಗೆ ಕೈ ಹಚ್ಚಿದರೆ ಏನರ್ಥ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳೊಬ್ಬಳೇ ಅಷ್ಟು ಜನರ ನಡುವೆ ಉಪ್ಪು ಕಲಸಿಕೊಂಡು ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ನನ್ನ ಸಾರು ಹದವಾಗಿತ್ತು, ಹದ ನೋಡಿದವಳೇ ನಾನು. ಆದರೂ ಎಲೆ ತುದಿಯ ಉಪ್ಪನ್ನು ಪೂರ್ತಿ ಬಳಿದು ಸಾರಿಗೆ ಕಲಸಿದೆ. ಒಂದು ತುತ್ತು ಉಂಡೆ. ಬಾಯಿ ಉರಿಯಿತು. ಇನ್ನೊಂದು ತುತ್ತು ಉಂಡೆ. ಪಕ್ಕದಲ್ಲಿದ್ದ ಹುಡುಗಿ ‘ದಾಕ್ಷಿ, ನಿಂಗೂನಾ?’ ಎಂದಳು. ‘ನಿನ್ನ ಎಲೆ ನೋಡ್ಕೋ’ ಎಂದೆ.

ಆಗ ಮೊದಲ ಸಾಲಿನಲ್ಲಿ ಬಳೆ ಸದ್ದಾಯಿತು. ಶಿವನಂಜಮ್ಮ ಎಲೆಯ ಮೇಲೆ ಬಗ್ಗಿ, ಉಪ್ಪನ್ನು ಎರಡು ಬೆರಳಲ್ಲಿ ತೆಗೆದು ಅನ್ನದ ಮೇಲೆ ಉದುರಿಸಿಕೊಂಡರು. ಅವರಿಗೆ ಬೇಕಾಗಿತ್ತೋ, ಹುಡುಗಿಯರಿಬ್ಬರ ಮೇಲೆ ಕರುಣೆ ಬಂತೋ, ನನಗೆ ಇವತ್ತಿಗೂ ತಿಳಿಯದು. ಉಂಡು, ‘ಈಗ ಸರಿಹೋಯ್ತು’ ಎಂದಷ್ಟೇ ಹೇಳಿದರು. ಅಲ್ಲೊಬ್ಬರು ಇಲ್ಲೊಬ್ಬರು ಕೈ ಚಾಚಿದರು. ಡಾಕ್ಟರು ಚಾಚಿದರು. ನಮ್ಮ ಸಾಲಿನಲ್ಲಿ ಕೆಲವರು ನಗುತ್ತ, ಕೆಲವರು ತಲೆ ತಗ್ಗಿಸಿ. ಮಹಾಬಲ ಕೈ ಕಟ್ಟಿಕೊಂಡು ಕೂತಿದ್ದವನು ಆಮೇಲೆ ಉಪ್ಪನ್ನು ಮುಟ್ಟದೆ ಊಟ ಮಾಡಿದ. ಅವನ ಚಿಕ್ಕಪ್ಪಂದಿರಲ್ಲಿ ಒಬ್ಬರ ಎಲೆ ತುದಿ ಮಾತ್ರ ಊಟ ಮುಗಿಯುವ ಹೊತ್ತಿಗೆ ಖಾಲಿಯಾಗಿತ್ತು.

ಸಂಜೆ ಹಿರಿಯರು ಹಲಗೆಯ ಕೆಳಗೆ ಸಭೆ ಸೇರಿದರು. ಹುಡುಗಿ ಮನೆಗೆ ಮೋಸ ಮಾಡಿದ್ದಾಳೆ, ಹೆಸರು ಬರೆಸಬಾರದು ಎಂದರು ಕೆಲವರು. ಶಿವನಂಜಮ್ಮ, ‘ಆಗ್ಲಿ. ಎಲೆ ಉಪ್ಪು ತಿಂದವರ ಹೆಸರನ್ನೆಲ್ಲ ಅಳಿಸಾಣ. ಯಾರ್ಯಾರು ತಿಂದ್ರಿ, ಕೈ ಎತ್ತಿ. ಮೊದಲು ನನ್ನದೇ ಅಳಿಸಿ’ ಎಂದರಂತೆ. ಯಾರೂ ಕೈ ಎತ್ತಲಿಲ್ಲ. ಸಭೆ ಚಹಾ ಕುಡಿದು ಮುಗಿಯಿತು.

ಮಾರನೇ ದಿನ ರೇವಣ್ಣ ಏಣಿ, ಕುಂಚ, ಹಳದಿ ಬಣ್ಣ ತಂದರು. ಡಬ್ಬ ಹಿಡಿಯಲು ಅಂಬುಜಾ ನಿಂತಳು, ಏಣಿ ಹಿಡಿಯಲು ನಾನು. ಅವರು ಏಣಿ ಹತ್ತಿ, ಕುಂಚ ಅದ್ದಿ, ಬರೆಯದೆ ಹಲಗೆಯನ್ನೇ ನೋಡುತ್ತ ನಿಂತರು. ಆಮೇಲೆ ತಿರುಗದೆಯೇ ಕೇಳಿದರು:

‘ನಿಂಗೆ ಅವತ್ತು ಯಾವ ಮನೆ ಉಪ್ಪು ಹತ್ತಿತ್ತು ಮಗಳೇ?’

‘ಹೊಂಗೆ ಮನೇದು, ಅಪ್ಪ.’

ಕುಂಚದ ತುದಿಯಿಂದ ಬಣ್ಣ ನನ್ನ ಕೈ ಮೇಲೆ ತೊಟ್ಟಿಕ್ಕಿತು.

‘ಇಷ್ಟು ವರ್ಷ ನಾನೊಬ್ಬನೇ ಕೂತು ಉಂಡೆನಲ್ಲೇ’ ಎಂದರು. ಬೈಗುಳವಲ್ಲ, ಅಷ್ಟೇ ಮಾತು. ಅಂಬುಜಾ ಡಬ್ಬವನ್ನು ನೆಲದ ಮೇಲಿಟ್ಟು, ಏಣಿಯ ಮೆಟ್ಟಿಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷ ಸಪ್ಪೆ ಉಂಡಾಗಲೂ ಅವಳು ಹಾಗೆ ಅತ್ತಿರಲಿಲ್ಲ. ರೇವಣ್ಣ ಅವಳು ಅತ್ತು ಮುಗಿಸುವವರೆಗೆ ಕಾದು, ಆಮೇಲೆ ಬರೆದರು. ಹಲಗೆಯ ಮೇಲೆ ಅಷ್ಟು ಚೆಂದದ ಅಕ್ಷರ ಇನ್ನೊಂದಿಲ್ಲ, ಬೇಕಾದರೆ ಬಂದು ನೋಡಬಹುದು.

ಅಂಬುಜಾ ಈಗ ಊರಿಗೆ ದೊಡ್ಡ ಮನುಷ್ಯೆ. ಶಿವನಂಜಮ್ಮನವರ ಕುರ್ಚಿಯಲ್ಲಿ ಕೂತಿದ್ದಾಳೆ. ವರ್ಷದೂಟದ ದಿನ ಮೊದಲು ಹೊಂಗೆ ಮನೆಗೆ ಹೋಗಿ ಅಪ್ಪನ ಪಕ್ಕ ಕೂತು ಉಣ್ಣುತ್ತಾಳೆ, ಆಮೇಲೆ ಅಂಗಳ ದಾಟಿ ನಮ್ಮಲ್ಲಿಗೆ ಬಂದು ಮತ್ತೊಂದು ಸಲ ಕೂರುತ್ತಾಳೆ. ಎರಡು ಊಟ ಮಾಡಿ ಸ್ವಲ್ಪ ದಪ್ಪಗೂ ಆಗಿದ್ದಾಳೆ. ತಾಳೆ ಮನೆಯಲ್ಲಿ ಎಲೆ ತುದಿಗೆ ಉಪ್ಪು ಬಡಿಸುವುದು ಆ ವರ್ಷದಿಂದ ನಿಂತಿಲ್ಲ. ಅದನ್ನು ಯಾರು ಬೇಕಾಗಿ ಹಾಕಿಕೊಳ್ಳುತ್ತಾರೆ, ಯಾರು ಸುಮ್ಮನೆ ಹಾಕಿಕೊಳ್ಳುತ್ತಾರೆ ಎಂದು ಯಾರೂ ನೋಡುವುದಿಲ್ಲ. ನನಗೆ ಈಗ ಬಿ.ಪಿ. ಇದೆ. ಉಪ್ಪು ಬಿಡಿ ಎಂದು ಡಾಕ್ಟರು ಹೇಳುತ್ತಲೇ ಇರುತ್ತಾರೆ, ಬಿಟ್ಟಿದ್ದೇನೆ ಕೂಡ. ವರ್ಷಕ್ಕೆ ಒಂದು ಮಧ್ಯಾಹ್ನ ಮಾತ್ರ ಅಂಬುಜಾ ಬಂದು ಪಕ್ಕದಲ್ಲಿ ಕೂತು ತನ್ನ ಎಲೆಯ ತುದಿಗೆ ಬೆರಳು ಚಾಚಿದಾಗ, ನಾನೂ ಚಾಚುತ್ತೇನೆ.